ಕಣ್ಣಿನ ಕಾಗದ: ಪುಸ್ತಕ ಮೂಗಿಗೆ ತಾಕಿದರೂ ಓದಲಿ, ಬಿಡಿ

ಹಿಂದಿನ ಸಂಚಿಕೆಯಲ್ಲಿ ಮಕ್ಕಳ ಕಣ್ಣು ಅಲುಗಾಡುವುದರ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಾದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ತೊಂದರೆಯ ಸುತ್ತ ಇವೆ. ಕಣ್ಣಿನ ಒಳಪರದೆಯ ನಟ್ಟನಡುವಿನ ಜಾಗ ಹುಟ್ಟುವ ಮೊದಲೇ ಸರಿಯಾಗಿ ಬೆಳೆಯದೆ ಉಳಿಯುವುದು. ಡಾಕ್ಟರ ಚೀಟಿಯಲ್ಲಿ ಇದನ್ನು ಫೋವಿಯಲ್ ಹೈಪೋಪ್ಲೇಷಿಯಾ ಎಂದು ಬರೆದಿರುತ್ತಾರೆ. ಈ ಸಲದ ಅಂಕಣ ಪೂರ್ತಿ ಅದಕ್ಕೇ ಇರಲಿ. ಪತ್ರಗಳನ್ನು ಸ್ವಲ್ಪ ಚಿಕ್ಕದು ಮಾಡಿದ್ದೇನೆ. ಯಾರ ಹೆಸರೂ ಹಾಕಿಲ್ಲ.

ಪ್ರಶ್ನೆ: ನನ್ನ ಮಗನಿಗೆ ಆರು ವರ್ಷ, ಒಂದನೇ ಕ್ಲಾಸು. ಮೂರು ತಿಂಗಳ ಕೂಸಿದ್ದಾಗಿನಿಂದ ಎರಡೂ ಕಣ್ಣು ಆ ಕಡೆ ಈ ಕಡೆ ಅಲುಗಾಡುತ್ತವೆ. ಟಿ.ವಿ.ಗೆ ಅಂಟಿಕೊಂಡೇ ಕೂರುತ್ತಾನೆ. ಏನಾದರೂ ನೋಡಬೇಕಾದರೆ ಮುಖ ಎಡಕ್ಕೆ ತಿರುಗಿಸಿ ಓರೆಯಾಗಿ ನೋಡುತ್ತಾನೆ. ಕನ್ನಡಕ ಹಾಕಿದರೂ 6/36ರ ಸಾಲಿನವರೆಗೆ ಮಾತ್ರ ಓದುತ್ತಾನೆ. ಬೆಂಗಳೂರಿನಲ್ಲಿ ಸ್ಕ್ಯಾನ್ ಮಾಡಿ 'ಫೋವಿಯಲ್ ಹೈಪೋಪ್ಲೇಷಿಯಾ, ಗ್ರೇಡ್ 3' ಎಂದು ಬರೆದುಕೊಟ್ಟರು. ಏನೂ ಮಾಡಕ್ಕಾಗಲ್ಲ ಅಂದರು. ನಾನು ಮದುವೆಯಾಗಿರುವುದು ನನ್ನ ಸೋದರಮಾವನನ್ನೇ. ಅದರಿಂದ ಹೀಗಾಯಿತಾ? ಆಪರೇಷನ್ ಇಲ್ವಾ? ಯಾರಾದರೂ ದಾನ ಮಾಡಿದ ಕಣ್ಣು ಹಾಕಬಹುದಾ? ನನ್ನದೇ ಒಂದು ಕಣ್ಣು ಕೊಡಲೂ ತಯಾರಿದ್ದೇನೆ.
— ಒಬ್ಬ ತಾಯಿ, ಅರಸೀಕೆರೆ ತಾಲ್ಲೂಕು

ಉತ್ತರ: ತಾಯಿ, ನಿಮ್ಮ ಕೊನೆಯ ಮಾತಿಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ದಾನ ಬಂದ ಕಣ್ಣಿನಲ್ಲಿ ನೋಟಕ್ಕಾಗಿ ಬಳಸುವುದು ಮುಂಭಾಗದ ಗಾಜಿನಂಥ ಪದರವನ್ನು, ಅಂದರೆ ಕಾರ್ನಿಯಾವನ್ನು. ನಿಮ್ಮ ಮಗನ ತೊಂದರೆ ಇರುವುದು ಹಿಂಭಾಗದ ಒಳಪರದೆಯಲ್ಲಿ, ಅಂದರೆ ರೆಟಿನಾದಲ್ಲಿ. ರೆಟಿನಾ ನೇರವಾಗಿ ಮಿದುಳಿಗೆ ಹೋಗುವ ನರಕ್ಕೆ ಕೂಡಿಕೊಂಡಿದೆ. ಅದನ್ನು ಒಬ್ಬರಿಂದ ತೆಗೆದು ಇನ್ನೊಬ್ಬರಿಗೆ ಹಾಕಿ ನೋಟ ಕೊಡಲು ಆಗುವುದಿಲ್ಲ. ನಿಮ್ಮ ಎರಡು ಕಣ್ಣೂ ನಿಮ್ಮಲ್ಲೇ ಇರಲಿ. ಅವನಿಗೆ ಪಾಠ ಓದಿ ಹೇಳಲು ಅವು ಬೇಕು.

'ಏನೂ ಮಾಡಕ್ಕಾಗಲ್ಲ' ಅನ್ನುವುದು ಅರ್ಧ ನಿಜ. ಯಾವ ಅರ್ಧ ಎಂದು ಗೊತ್ತಾಗಬೇಕಾದರೆ ಕಣ್ಣಿನೊಳಗೆ ಏನಾಗಿದೆ ಎಂದು ಸ್ವಲ್ಪ ತಿಳಿಯಬೇಕು.

ಕೈ ಚಾಚಿ ನಿಮ್ಮ ಹೆಬ್ಬೆರಳಿನ ಉಗುರು ನೋಡಿ. ನಾವು ಅಕ್ಷರ ಓದುವುದು, ಸೂಜಿಗೆ ದಾರ ಪೋಣಿಸುವುದು, ದೂರದಿಂದ ಮುಖ ಗುರುತಿಸುವುದು ಎಲ್ಲ ಹೆಚ್ಚುಕಡಿಮೆ ಅಷ್ಟೇ ಅಗಲದ ನೋಟದಿಂದ. ಉಳಿದ ಕಡೆ ಕಾಣುವುದೆಲ್ಲ ಮಸುಕು. ಕಣ್ಣನ್ನು ಸರಸರ ತಿರುಗಿಸುತ್ತಲೇ ಇರುವುದರಿಂದ ನಮಗೆ ಅದು ತಿಳಿಯುವುದಿಲ್ಲ ಅಷ್ಟೇ. ಈ ಸೂಕ್ಷ್ಮ ನೋಟ ಕೊಡುವ ಜಾಗವೇ ಫೋವಿಯಾ. ಅಗಲ ಸುಮಾರು ಒಂದೂವರೆ ಮಿಲಿಮೀಟರ್. ರಾಗಿಮುದ್ದೆಗೆ ಸಾರು ಬಿಡಲು ನಡುವೆ ಬೆರಳಿಂದ ಒತ್ತಿ ಗುಳಿ ಮಾಡುತ್ತೇವಲ್ಲ, ರೆಟಿನಾದ ನಡುವೆಯೂ ಹಾಗೇ ಒಂದು ಗುಳಿ ಇರುತ್ತದೆ. ಅಲ್ಲಿ ಮೇಲಿನ ಪದರಗಳು ಪಕ್ಕಕ್ಕೆ ಸರಿದಿರುತ್ತವೆ. ರಕ್ತನಾಳಗಳೂ ಅಲ್ಲಿಗೆ ಬರುವುದಿಲ್ಲ. ಗುಳಿಯ ತಳದಲ್ಲಿ ಕೋನ್ ಎಂಬ ಜೀವಕೋಶಗಳು ಒತ್ತೊತ್ತಾಗಿ, ಸಣ್ಣಗೆ, ಉದ್ದಕ್ಕೆ ನಿಂತಿರುತ್ತವೆ. ಎಷ್ಟು ಒತ್ತಾಗಿದ್ದರೆ ಅಷ್ಟು ಸಣ್ಣ ಅಕ್ಷರ ಓದಲು ಆಗುತ್ತದೆ.

ಈ ಗುಳಿ ಬೀಳಲು ಶುರುವಾಗುವುದು ಬಸಿರಿನ 25ನೇ ವಾರದ ಹೊತ್ತಿಗೆ. ಮಗು ಹುಟ್ಟಿದ ಮೇಲೂ ಕೆಲಸ ನಡೆದಿರುತ್ತದೆ. ಗುಳಿಗೆ ಪೂರ್ತಿ ಆಕಾರ ಬರುವಾಗ ಮಗುವಿಗೆ ಒಂದು ವರ್ಷ ದಾಟಿರುತ್ತದೆ. ಕೋನ್‌ಗಳು ನಡುವಿಗೆ ಬಂದು ಸೇರುವುದು ಅದಾದ ಮೇಲೂ ಕೆಲವು ವರ್ಷ ಮುಂದುವರಿಯುತ್ತದೆ. ನಿಮ್ಮ ಮಗನಲ್ಲಿ ಈ ಕೆಲಸ ನಡುವೆಯೇ ನಿಂತಿದೆ. ಪದರಗಳು ಪಕ್ಕಕ್ಕೆ ಸರಿಯಲಿಲ್ಲ, ಗುಳಿ ಬೀಳಲಿಲ್ಲ. ಇದ್ದ ಫೋವಿಯಾ ಹಾಳಾದದ್ದಲ್ಲ ತಾಯಿ. ಆದ್ದರಿಂದ ಇದು ವರ್ಷದಿಂದ ವರ್ಷಕ್ಕೆ ಕೆಡುತ್ತಾ ಹೋಗುವ ಕಾಯಿಲೆಯೂ ಅಲ್ಲ. ನಿಮಗೆ ಇದನ್ನು ಯಾರೂ ಹೇಳಿಲ್ಲ ಎಂದು ಪತ್ರ ಓದಿದರೆ ಗೊತ್ತಾಗುತ್ತದೆ. ಮಗ ಕುರುಡನಾಗಿಬಿಡುತ್ತಾನೆ ಎಂಬ ಭಯವನ್ನು ಮನಸ್ಸಿಂದ ತೆಗೆದುಹಾಕಿ.

ಗುಳಿ ಬೀಳಿಸುವ ಆಪರೇಷನ್ ಇಲ್ಲ, ಮಾತ್ರೆಯೂ ಇಲ್ಲ. 'ಆಗಲ್ಲ' ಎನ್ನುವ ಮಾತಿನ ನಿಜವಾದ ಅರ್ಧ ಇದು. ಈ ತೊಂದರೆಗೆ ಒಂದು ಕಾರಣ ಆಲ್ಬಿನಿಸಂ, ಅಂದರೆ ಮೈ, ಕೂದಲು, ಕಣ್ಣಿಗೆ ಬಣ್ಣ ಕೊಡುವ ಅಂಶ ಹುಟ್ಟಿನಿಂದಲೇ ಕಡಿಮೆ ಇರುವುದು. ಅದು ಇರುವವರಿಗೆ ಅಮೆರಿಕದಲ್ಲಿ ಲೆವೊಡೋಪಾ ಎಂಬ ಔಷಧ ಕೊಟ್ಟು ನೋಡಿದ್ದರು. ನೋಟ ಸುಧಾರಿಸಲಿಲ್ಲ. ಕಣ್ಣಿನ ವ್ಯಾಯಾಮ, ತುಪ್ಪ, ಜೇನು, ಹನಿ, ಯಾವುದರಿಂದಲೂ ಪದರಗಳು ಸರಿಯುವುದಿಲ್ಲ. ದಯವಿಟ್ಟು ಕಣ್ಣಿಗೆ ಏನೂ ಬಿಡಬೇಡಿ. ಒಡವೆ ಅಡವಿಟ್ಟು ಊರೂರು ಸುತ್ತಿ ಕೊನೆಗೆ ನನ್ನ ಕ್ಲಿನಿಕ್ಕಿಗೆ ಬರುವ ತಂದೆ ತಾಯಿಯರನ್ನು ನೋಡಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಆ ದುಡ್ಡಿನಲ್ಲಿ ಮಗುವಿಗೆ ಒಳ್ಳೆಯ ಕನ್ನಡಕ, ಒಂದು ಭೂತಗನ್ನಡಿ, ಒಂದು ಟ್ಯಾಬ್ ಬರುತ್ತಿತ್ತು.

ಇನ್ನು ಆಗುವ ಅರ್ಧ.

ಗ್ರೇಡ್ ನೋಡಿ ಹೆದರಬೇಡಿ. 2011ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ನ ತಜ್ಞರು ರೆಟಿನಾದ ಪದರಗಳನ್ನು ತೋರಿಸುವ ಒಸಿಟಿ ಸ್ಕ್ಯಾನ್ ನೋಡಿ ಇದನ್ನು ನಾಲ್ಕು ದರ್ಜೆಯಾಗಿ ವಿಂಗಡಿಸಿದರು. ಒಂದನೇ ದರ್ಜೆಯಲ್ಲಿ ಗುಳಿ ಇದೆ, ಆಳ ಕಡಿಮೆ. ಎರಡರಲ್ಲಿ ಗುಳಿಯೇ ಇಲ್ಲ. ಮೂರರಲ್ಲಿ ಗುಳಿಯೂ ಇಲ್ಲ, ಕೋನ್‌ಗಳು ಉದ್ದವೂ ಆಗಿಲ್ಲ. ನಾಲ್ಕರಲ್ಲಿ ಕೋನ್‌ಗಳು ನಡುವಿಗೆ ಬಂದು ಸೇರಿದ ಗುರುತೂ ಕಾಣುವುದಿಲ್ಲ. 6/36 ಅಂದರೆ ಬೇರೆಯವರು 36 ಮೀಟರ್‌ನಿಂದ ಓದುವುದನ್ನು ನಿಮ್ಮ ಮಗ 6 ಮೀಟರ್‌ಗೆ ಬಂದು ಓದಬೇಕು ಎಂದು. ಸರಾಸರಿ ನೋಡಿದರೆ ಒಂದನೇ ದರ್ಜೆಯವರು 6/9ರ ಆಸುಪಾಸು, ಮೂರನೆಯವರು 6/24, ನಾಲ್ಕನೆಯವರು 6/36ರ ಹತ್ತಿರ ಓದುತ್ತಾರೆ. ನಿಮ್ಮವನು ಮೂರನೇ ದರ್ಜೆ, ಓದುವುದು 6/36. ಸರಾಸರಿಗಿಂತ ಕಡಿಮೆ. ಹಾಗಾದರೆ ಇನ್ನೂ ಸ್ವಲ್ಪ ಸುಧಾರಣೆಗೆ ಜಾಗ ಇದೆಯಾ ಎಂದು ನೋಡಲೇಬೇಕು.

ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಹೀಗೆ ಕೇಳಿ. ಕಣ್ಣಿಗೆ ಹನಿ ಹಾಕಿ ಪಾಪೆ ಅಗಲ ಮಾಡಿ ಪವರ್ ನೋಡಿದ್ದಾರಾ? ಈ ಮಕ್ಕಳಿಗೆ ಸಿಲಿಂಡರ್ ಪವರ್ ಜಾಸ್ತಿ ಇರುತ್ತದೆ. ಅದು ಬಿಟ್ಟುಹೋದರೆ ಇರುವ ನೋಟವೂ ಪೂರ್ತಿ ಸಿಗುವುದಿಲ್ಲ. ಒಂದು ಕಣ್ಣು ಇನ್ನೊಂದಕ್ಕಿಂತ ಸೋಮಾರಿಯಾಗಿದೆಯಾ? ಆಗಿದ್ದರೆ ಈ ವಯಸ್ಸಿನಲ್ಲಿ ಅದಕ್ಕೆ ಚಿಕಿತ್ಸೆ ಇದೆ. ಎರಡೂ ಕಣ್ಣು ತೆರೆದು, ಅವನ ಇಷ್ಟದಂತೆ ಮುಖ ತಿರುಗಿಸಿಕೊಂಡು ಓದಲು ಬಿಟ್ಟರಾ? ಅಲುಗಾಡುವ ಕಣ್ಣಿನ ಮಕ್ಕಳಲ್ಲಿ ಒಂದು ಕಣ್ಣನ್ನು ಕೈಯಿಂದ ಮುಚ್ಚಿದರೆ ಅಲುಗಾಟ ಹೆಚ್ಚಾಗಬಹುದು. ಆಗ ನಿಜವಾದ ನೋಟಕ್ಕಿಂತ ಕಡಿಮೆ ಬರೆದುಕೊಳ್ಳುತ್ತಾರೆ. ಹತ್ತು ವರ್ಷ ವಯಸ್ಸಾಗುವುದರೊಳಗೆ ಎಷ್ಟೋ ಮಕ್ಕಳು ಒಂದೋ ಎರಡೋ ಸಾಲು ಮುಂದೆ ಹೋಗುವುದನ್ನು ನಾನು ಕಂಡಿದ್ದೇನೆ.

ಮುಖ ಎಡಕ್ಕೆ ತಿರುಗಿಸುತ್ತಾನೆ ಎಂದಿರಿ. ಒಂದು ಕೆಲಸ ಮಾಡಿ. ಅವನು ಟಿ.ವಿ. ನೋಡುವಾಗ ಎದುರಿಗೆ ಕೂತು ಬರೀ ಕಣ್ಣುಗಳನ್ನೇ ಗಮನಿಸಿ. ಮುಖ ನೇರ ಇದ್ದಾಗ ಕಣ್ಣು ಜೋರಾಗಿ ಅಲುಗಾಡುತ್ತವೆ. ಮುಖ ಎಡಕ್ಕೆ ತಿರುಗಿ ಕಣ್ಣು ಬಲಮೂಲೆಗೆ ಬಂದಾಗ ಅಲುಗಾಟ ನಿಧಾನವಾಗುತ್ತದೆ, ಒಮ್ಮೊಮ್ಮೆ ನಿಂತೇ ಹೋಗುತ್ತದೆ. ಅವನಿಗೆ ಯಾರೂ ಕಲಿಸಿಲ್ಲ, ತಾನೇ ಹುಡುಕಿಕೊಂಡಿದ್ದಾನೆ. 'ಕತ್ತು ನೆಟ್ಟಗೆ ಇಟ್ಕೋ' ಎಂದು ಗದರಿದರೆ ಅವನಿಗೆ ಕಾಣುತ್ತಿದ್ದದ್ದೂ ಕಾಣದಂತೆ ಮಾಡಿದಂತಾಯಿತು. ಕತ್ತು ತೀರಾ ತಿರುಗಿ ನೋವು ಬರುವಂತಿದ್ದರೆ, ಕಣ್ಣಿನ ಸ್ನಾಯುಗಳಿಗೆ ಆಪರೇಷನ್ ಮಾಡಿ ಆ ನೆಮ್ಮದಿಯ ಕೋನವನ್ನು ನೇರಕ್ಕೆ ತರಬಹುದು. ಅದರಿಂದ ಕತ್ತಿಗೆ ಆರಾಮ. ಫೋವಿಯಾ ಹೇಗಿತ್ತೋ ಹಾಗೇ ಇರುತ್ತದೆ.

ಪುಸ್ತಕ ಹತ್ತಿರ ಹಿಡಿದರೆ ಕಣ್ಣು ಹಾಳಾಗುತ್ತದೆ ಎಂದು ಮನೆಯಲ್ಲಿ ಯಾರೋ ಖಂಡಿತ ಹೇಳುತ್ತಿರುತ್ತಾರೆ. ಈ ಮಕ್ಕಳ ವಿಷಯದಲ್ಲಿ ಆ ಮಾತನ್ನು ಪಕ್ಕಕ್ಕಿಡಿ. 24 ಸೆಂಟಿಮೀಟರ್ ದೂರದ ಅಕ್ಷರವನ್ನು 12ಕ್ಕೆ ತಂದರೆ ರೆಟಿನಾ ಮೇಲೆ ಅದು ಎರಡರಷ್ಟಾಗಿ ಬೀಳುತ್ತದೆ. 8ಕ್ಕೆ ತಂದರೆ ಮೂರರಷ್ಟು. ಹತ್ತಿರ ನೋಡುವಾಗ ಅಲುಗಾಟವೂ ಹೆಚ್ಚಿನವರಲ್ಲಿ ಕಡಿಮೆಯಾಗುತ್ತದೆ. ಆರು ವರ್ಷದ ಕಣ್ಣಿಗೆ ಅಷ್ಟು ಹತ್ತಿರ ಫೋಕಸ್ ಮಾಡುವ ಶಕ್ತಿ ಚೆನ್ನಾಗಿಯೇ ಇರುತ್ತದೆ. ಪುಸ್ತಕ ಮೂಗಿಗೆ ತಾಕಿದರೂ ಓದಲಿ, ಬಿಡಿ. ಬಗ್ಗಿ ಬಗ್ಗಿ ಬೆನ್ನು ನೋಯದ ಹಾಗೆ ಪುಸ್ತಕವನ್ನೇ ಮೇಲೆತ್ತಿ ಇಡುವ ಓರೆ ಹಲಗೆ ಮಾಡಿಸಿಕೊಡಿ. ನಿಮ್ಮೂರಿನ ಬಡಗಿ ಅರ್ಧ ದಿನದಲ್ಲಿ ಮಾಡಿಕೊಡುತ್ತಾನೆ.

ಈಗ ಕಾರಣದ ಮಾತು. ಮಗನ ಕೂದಲು, ಚರ್ಮ ನಿಮ್ಮಿಬ್ಬರಿಗಿಂತ ತೆಳು ಬಣ್ಣವಾ? ಬಿಸಿಲಿಗೆ ಕಣ್ಣು ಮುಚ್ಚಿಕೊಳ್ಳುತ್ತಾನಾ? ನಾವು ಕತ್ತಲೆ ಕೋಣೆಯಲ್ಲಿ ಮೈಕ್ರೋಸ್ಕೋಪಿನ ಸಣ್ಣ ಬೆಳಕನ್ನು ಪಾಪೆಯೊಳಗೆ ಬಿಟ್ಟು ನೋಡುತ್ತೇವೆ. ಬಣ್ಣ ತುಂಬಿದ ಕಣ್ಣಲ್ಲಿ ಪಾಪೆ ಮಾತ್ರ ಕೆಂಪಗೆ ಹೊಳೆಯುತ್ತದೆ. ಬಣ್ಣದ ಅಂಶ ಕಡಿಮೆ ಇದ್ದರೆ ಸುತ್ತಲಿನ ಕಪ್ಪು ವರ್ತುಲದಿಂದಲೂ ಕೆಂಪು ಬೆಳಕು ಚುಕ್ಕೆ ಚುಕ್ಕೆಯಾಗಿ ಸೋರಿ ಬರುತ್ತದೆ. ಅದು ಆಲ್ಬಿನಿಸಂನ ಗುರುತು. ಮೈಯೆಲ್ಲ ಬೆಳ್ಳಗಿದ್ದರೆ ಮಾತ್ರ ಆಲ್ಬಿನಿಸಂ ಎಂದುಕೊಳ್ಳಬೇಡಿ. ಗೋಧಿ ಬಣ್ಣದ ಮಕ್ಕಳಲ್ಲೂ ಇರುತ್ತದೆ. ಕಣ್ಣಿಗೆ ಮಾತ್ರ ಸೀಮಿತವಾದ, ತಾಯಿಯಿಂದ ಗಂಡುಮಕ್ಕಳಿಗೆ ಬರುವ ಒಂದು ಬಗೆಯೂ ಇದೆ. ಬೇರೆ ಕಾರಣಗಳೂ ಇವೆ. ಪ್ಯಾಕ್ಸ್6 ಎಂಬ ಜೀನ್ ಕೆಟ್ಟರೆ ಫೋವಿಯಾ ಜೊತೆಗೆ ಕಣ್ಣಿನ ಬಣ್ಣದ ವರ್ತುಲವೂ ಬೆಳೆಯದಿರಬಹುದು. ಚರ್ಮದ ಬಣ್ಣ ಎಲ್ಲ ಸರಿಯಿದ್ದು ಬರೀ ಫೋವಿಯಾ ಮಾತ್ರ ಬೆಳೆಯದ ಎಸ್‌ಎಲ್‌ಸಿ38ಎ8 ಎಂಬ ಜೀನಿನ ದೋಷವೂ ಇದೆ. ಯಾವುದು ಎಂದು ಹೆಚ್ಚಿನ ಸಲ ರಕ್ತದ ಜೀನ್ ಪರೀಕ್ಷೆ ಹೇಳುತ್ತದೆ.

ಸೋದರಮಾವನ ಮದುವೆ ಬಗ್ಗೆ ಮುಚ್ಚಿಡದೆ ಹೇಳುತ್ತೇನೆ. ಆಲ್ಬಿನಿಸಂನ ಹೆಚ್ಚಿನ ಬಗೆಗಳಲ್ಲಿ ತಾಯಿ ತಂದೆ ಇಬ್ಬರಿಂದಲೂ ಒಂದೇ ಜೀನಿನ ಒಂದೊಂದು ಕೆಟ್ಟ ಪ್ರತಿ ಬಂದರೆ ಮಾತ್ರ ಮಗುವಿಗೆ ತೊಂದರೆ. ಒಂದು ಪ್ರತಿ ಇದ್ದವರು ಆರೋಗ್ಯವಾಗಿಯೇ ಇರುತ್ತಾರೆ, ಅವರಿಗೆ ಗೊತ್ತೇ ಇರುವುದಿಲ್ಲ. ಒಂದೇ ಮನೆತನದವರಾದಾಗ ಇಬ್ಬರಲ್ಲೂ ಅದೇ ಪ್ರತಿ ಇರುವ ಸಾಧ್ಯತೆ ಜಾಸ್ತಿ. ಆದ್ದರಿಂದ ಸಂಬಂಧ ಇರಬಹುದು. ಹಾಗೆಂದು ಇದು ನಿಮ್ಮ ತಪ್ಪಲ್ಲ. ಸಂಬಂಧವೇ ಇಲ್ಲದ ಗಂಡ ಹೆಂಡತಿಗೂ ಇಂಥ ಮಕ್ಕಳು ಹುಟ್ಟುತ್ತಾರೆ. ಇನ್ನೊಂದು ಮಗು ಬೇಕು ಅನ್ನಿಸಿದರೆ ಮೊದಲು ಜೀನ್ ಪರೀಕ್ಷೆ ಮಾಡಿಸಿ, ಜೆನೆಟಿಕ್ ಕೌನ್ಸೆಲಿಂಗ್ ಮಾಡುವವರ ಹತ್ತಿರ ಕೂತು ಮಾತಾಡಿ. ಹೀಗೆ ಇಬ್ಬರಿಂದಲೂ ಬರುವ ಬಗೆಯದೇ ಆದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ ಇರುತ್ತದೆ.

ಕೊನೆಗೊಂದು ಕಾಗದದ ಕೆಲಸ. ಕನ್ನಡಕ ಹಾಕಿಯೂ ಎರಡು ಕಣ್ಣಿನ ನೋಟ 6/24ರಿಂದ 6/60ರ ನಡುವೆ ಇದ್ದರೆ ಸರ್ಕಾರದ ಲೆಕ್ಕದಲ್ಲಿ ಅದು 40 ಪರ್ಸೆಂಟ್ ಅಂಗವೈಕಲ್ಯ. ನಿಮ್ಮ ಮಗನಿಗೆ ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡು ಸಿಗಬೇಕು. ಗ್ರಾಮ ಪಂಚಾಯಿತಿಯ ವಿ.ಆರ್.ಡಬ್ಲ್ಯೂ., ಅಂದರೆ ಅಂಗವಿಕಲರಿಗೆ ನೆರವಾಗುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿದರೆ ಅರ್ಜಿ ಹಾಕಲು ನೆರವಾಗುತ್ತಾರೆ. ಮಗನಿಗೆ ಈ ಹಣೆಪಟ್ಟಿ ಯಾಕೆ ಎಂದು ಅಪ್ಪಂದಿರು ಬೇಸರ ಮಾಡಿಕೊಳ್ಳುತ್ತಾರೆ. ಮುಂದೆ ಪರೀಕ್ಷೆಯಲ್ಲಿ ಹೆಚ್ಚು ಸಮಯ, ಕೆಲಸದಲ್ಲಿ ಮೀಸಲಾತಿ ಎಲ್ಲಕ್ಕೂ ಇದೇ ಆಧಾರ. ಈಗಲೇ ಮಾಡಿಸಿ.

ಪ್ರಶ್ನೆ: ನಾನು ಸರ್ಕಾರಿ ಶಾಲೆ ಶಿಕ್ಷಕ. ನಾಲ್ಕನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಾಳೆ. ಕೂದಲು, ಹುಬ್ಬು ಎಲ್ಲ ಬಿಳಿ. ಬೋರ್ಡು ಕಾಣುವುದಿಲ್ಲ. ಪುಸ್ತಕವನ್ನು ಮೂಗಿನ ಹತ್ತಿರ ಹಿಡಿಯುತ್ತಾಳೆ. ಲೆಕ್ಕದಲ್ಲಿ ಚುರುಕು. ಅವಳನ್ನು ಅಂಧರ ಶಾಲೆಗೆ ಸೇರಿಸಿ ಎಂದು ಕೆಲವರು ಹೇಳುತ್ತಿದ್ದಾರೆ. ಬ್ರೈಲ್ ಕಲಿಸಬೇಕೆ? ಹುಡುಗರು ಅಡ್ಡಹೆಸರಿಟ್ಟು ಗೋಳು ಹೊಯ್ದುಕೊಳ್ಳುತ್ತಾರೆ.
— ಶಿಕ್ಷಕರು, ಯಲಬುರ್ಗಾ ತಾಲ್ಲೂಕು

ಉತ್ತರ: ಮೇಷ್ಟ್ರೇ, ಅವಳನ್ನು ನಿಮ್ಮ ಶಾಲೆಯಿಂದ ಕಳಿಸಬೇಡಿ. ಮುದ್ರಿತ ಅಕ್ಷರ ಓದುತ್ತಿದ್ದಾಳೆ ಅಂದಮೇಲೆ ಬ್ರೈಲ್ ಬೇಕಾಗಿಲ್ಲ. ನೀವು ಹೇಳಿದ ಲಕ್ಷಣ ನೋಡಿದರೆ ಆಲ್ಬಿನಿಸಂ. ಮೈಬಣ್ಣ ಕೊಡುವ ಮೆಲನಿನ್ ಎಂಬ ಅಂಶ ಕಣ್ಣು ಬೆಳೆಯುವಾಗಲೂ ಬೇಕು. ಅದು ಇಲ್ಲದಿದ್ದಾಗ ಫೋವಿಯಾ ಅರ್ಧಕ್ಕೇ ನಿಲ್ಲುತ್ತದೆ. ಕಣ್ಣಿನಿಂದ ಮಿದುಳಿಗೆ ಹೋಗುವ ನರಗಳೂ ಬೇಕಾದ್ದಕ್ಕಿಂತ ಹೆಚ್ಚು ಆ ಬದಿಗೆ ಈ ಬದಿಗೆ ದಾಟಿಬಿಡುತ್ತವೆ. ಆದ್ದರಿಂದ ಎರಡು ಕಣ್ಣನ್ನೂ ಕೂಡಿಸಿ ಆಳ ಅಳೆಯುವುದು ಕಷ್ಟ. ಮೆಟ್ಟಿಲ ಅಂಚು, ಹಾರಿ ಬರುವ ಚೆಂಡು ಅವಳಿಗೆ ಬೇಗ ಅಂದಾಜಾಗುವುದಿಲ್ಲ. ಮೊದಲ ಮೆಟ್ಟಿಲು, ಕೊನೆ ಮೆಟ್ಟಿಲ ಅಂಚಿಗೆ ಹಳದಿ ಬಣ್ಣ ಬಳಿಸಿ. ಆಟಕ್ಕೆ ದೊಡ್ಡ, ಗಾಢ ಬಣ್ಣದ ಚೆಂಡು ಕೊಡಿ.

ಮುಂದಿನ ಬೆಂಚಿನಲ್ಲಿ ಕೂರಿಸುವುದು ಎಲ್ಲರೂ ಮಾಡುವ ಕೆಲಸ. ಕಿಟಕಿ ಎಲ್ಲಿದೆ ಎಂದೂ ನೋಡಿ. ಬೆಳಕು ಅವಳ ಬೆನ್ನ ಹಿಂದಿನಿಂದ ಬರಬೇಕು. ಎದುರಿಗೆ ಕಿಟಕಿ ಇದ್ದರೆ ಕಣ್ಣು ಕುಕ್ಕಿ ಬೋರ್ಡು ಪೂರ್ತಿ ಮಾಯ. ಇನ್ನೊಂದು ವಿಷಯ: ಮುಂದಿನ ಬೆಂಚಿನಿಂದಲೂ ಅವಳಿಗೆ ಬೋರ್ಡು ಓದಲು ಆಗದಿರಬಹುದು. ಎದ್ದು ಬಂದು ಬೋರ್ಡಿನ ಹತ್ತಿರ ನಿಂತು ನೋಡಿ ಹೋಗಲಿ, ಕೇಳದೆಯೇ ಬರಲಿ. ನೀವು ಬರೆಯುವಾಗ ಬರೆದದ್ದನ್ನೆಲ್ಲ ಬಾಯಿಬಿಟ್ಟು ಹೇಳಿ. '23ನ್ನು 4ರಿಂದ ಗುಣಿಸಿ' ಎಂದು ಹೇಳುತ್ತಾ ಬರೆದರೆ ಲೆಕ್ಕ ಅವಳ ಕಿವಿಗೆ ಬಿದ್ದಿರುತ್ತದೆ. 'ಇದನ್ನ ಇದರಿಂದ' ಎಂದು ಬೆರಳು ತೋರಿಸಿದರೆ ಏನೂ ಸಿಗುವುದಿಲ್ಲ. ಕಪ್ಪು ಬೋರ್ಡು ಸವೆದು ಬೂದಿ ಬಣ್ಣಕ್ಕೆ ತಿರುಗಿದ್ದರೆ ಹೊಸದಾಗಿ ಕಪ್ಪು ಬಳಿಸಿ. ಅವಳೊಬ್ಬಳಿಗೇ ಅಲ್ಲ, ಹಿಂದಿನ ಬೆಂಚಿನವರಿಗೂ ಉಪಕಾರ.

ಗುಮ್ಮಟದ ಆಕಾರದ ಭೂತಗನ್ನಡಿ ಸಿಗುತ್ತದೆ. ಪುಟದ ಮೇಲೆ ಇಟ್ಟು ಸಾಲಿನುದ್ದಕ್ಕೂ ಜಾರಿಸುತ್ತಾ ಓದಬೇಕು. ಕೈ ನಡುಗಿದರೂ ಅಕ್ಷರ ಕದಲುವುದಿಲ್ಲ. ಸುತ್ತಲ ಬೆಳಕನ್ನು ತಾನೇ ಒಳಗೆ ಸೇರಿಸಿಕೊಳ್ಳುತ್ತದೆ. ಸಣ್ಣಕ್ಷರದ ಒತ್ತು, ದೀರ್ಘ ಓದಲು ಕನ್ನಡದ ಮಕ್ಕಳಿಗೆ ಇದಕ್ಕಿಂತ ಅನುಕೂಲದ್ದು ಇನ್ನೊಂದಿಲ್ಲ. ಕ್ಷ, ಕ್ಷ್ಮಿ, ಸ್ತ್ರೀ ಇಂಥವುಗಳ ಒತ್ತು ಪಠ್ಯಪುಸ್ತಕದಲ್ಲಿ ಎಷ್ಟು ಚಿಕ್ಕದಾಗಿ ಬೀಳುತ್ತದೆ ನೋಡಿ. ಈ ಮಕ್ಕಳು ಕಾಗುಣಿತ ತಪ್ಪು ಮಾಡುವುದು ಹೆಚ್ಚಾಗಿ ಒತ್ತು ಕಾಣದೆ. ಬರಹ ತಪ್ಪಿತೆಂದು ಅಂಕ ಕಳೆಯುವ ಮೊದಲು ಇದನ್ನು ನೆನಪಿಡಿ. ನಿಮ್ಮ ಬಿ.ಆರ್.ಸಿ.ಯಲ್ಲಿ (ತಾಲ್ಲೂಕಿನ ಸಂಪನ್ಮೂಲ ಕೇಂದ್ರ) ವಿಶೇಷ ಅಗತ್ಯದ ಮಕ್ಕಳಿಗಾಗಿಯೇ ಇರುವ ಬಿ.ಐ.ಇ.ಆರ್.ಟಿ. ಶಿಕ್ಷಕರಿಗೆ ಹೇಳಿದರೆ ಇಂಥ ಸಾಧನಕ್ಕೂ ಪರೀಕ್ಷೆಯ ರಿಯಾಯಿತಿಗೂ ದಾರಿ ತೋರಿಸುತ್ತಾರೆ.

ಬೆಳಿಗ್ಗೆ ಪ್ರಾರ್ಥನೆಗೆ ನೆರಳಲ್ಲಿ ನಿಲ್ಲಲಿ. ಅಗಲ ಅಂಚಿನ ಟೋಪಿ, ತುಂಬುತೋಳಿನ ಅಂಗಿ, ತಂಪು ಕನ್ನಡಕ ಅವಳಿಗೆ ಸಮವಸ್ತ್ರದ ಭಾಗ ಎಂದೇ ತಿಳಿಯಿರಿ. ಕೊಪ್ಪಳದ ಬಿಸಿಲು ಈ ಚರ್ಮಕ್ಕೆ ಸುಮ್ನೆ ಸುಡುವುದಷ್ಟೇ ಅಲ್ಲ, ವರ್ಷಗಟ್ಟಲೆ ಬಿದ್ದರೆ ಮುಂದೆ ಚರ್ಮದ ಕ್ಯಾನ್ಸರ್ ತರುತ್ತದೆ. ಎಸ್‌ಪಿಎಫ್ 30ಕ್ಕಿಂತ ಕಡಿಮೆಯಿಲ್ಲದ ಸನ್‌ಸ್ಕ್ರೀನ್ ಹಚ್ಚಬೇಕು. ತಾಯಿಯನ್ನು ಒಂದು ಮಾತು ಕೇಳಿ: ಮಗುವಿಗೆ ಪದೇ ಪದೇ ಮೂಗಿನಿಂದ ರಕ್ತ ಬರುತ್ತದಾ, ಸ್ವಲ್ಪ ತಾಗಿದರೂ ಮೈ ಕಂದುಗಟ್ಟುತ್ತದಾ? ಹೌದು ಎಂದರೆ ರಕ್ತ ಹೆಪ್ಪುಗಟ್ಟದ ತೊಂದರೆಯೂ ಜೊತೆಗಿರುವ ಅಪರೂಪದ ಬಗೆ ಇರಬಹುದು. ಹಲ್ಲು ಕೀಳಿಸುವ ಮೊದಲೇ ಡಾಕ್ಟರಿಗೆ ಗೊತ್ತಾಗಬೇಕು.

ಅಡ್ಡಹೆಸರಿನ ವಿಷಯಕ್ಕೆ ನಿಮ್ಮಷ್ಟು ಸಮರ್ಥರು ಬೇರೆ ಯಾರೂ ಇಲ್ಲ. ಅವಳಿಲ್ಲದ ದಿನ ತರಗತಿಗೆ ಹತ್ತು ನಿಮಿಷ ಹೇಳಿ: ಮೈಗೆ ಬಣ್ಣ ಕೊಡುವ ಅಂಶ ಅವಳಲ್ಲಿ ಕಡಿಮೆ, ಮುಟ್ಟಿದರೆ ಬರುವುದಲ್ಲ, ದೂರದಿಂದ ಕೈ ಬೀಸಿದರೆ ಅವಳಿಗೆ ಕಾಣುವುದಿಲ್ಲ, ಹೆಸರು ಹಿಡಿದು ಕೂಗಿ. ಆ ವಯಸ್ಸಿನ ಮಕ್ಕಳು ಕಾರಣ ಗೊತ್ತಾದರೆ ತಾವೇ ಕೈಹಿಡಿದು ಕರೆದೊಯ್ಯುತ್ತಾರೆ.

ಪ್ರಶ್ನೆ: ಸೊಸೆ ಬಸುರಿಯಿದ್ದಾಗ ಗ್ರಹಣದ ದಿನ ಹೊರಗೆ ಹೋಗಿದ್ದಳು. ಮೊಮ್ಮಗುವಿಗೆ ಈ ತೊಂದರೆ. ಅದರಿಂದಲೇ ಬಂತಾ?
— ಅಜ್ಜಿ, ಶಿರಸಿ

ಉತ್ತರ: ಇಲ್ಲ ಅಮ್ಮಾ. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ಕೇಸರಿ ಹಾಲು ಕುಡಿಯದ್ದಕ್ಕೂ ಅಲ್ಲ. ಜೀನಿನ ತೊಂದರೆಯಾದರೆ ಬಸಿರು ನಿಂತ ಗಳಿಗೆಯಲ್ಲೇ ಅದು ಮಗುವಿನಲ್ಲಿ ಇತ್ತು. ನೀವು ಹಿರಿಯರು, ಈ ಮಾತನ್ನು ಸೊಸೆಗೆ ನೀವೇ ಬಾಯಿಬಿಟ್ಟು ಹೇಳಿ. ನಾನು ಬರೆಯುವುದಕ್ಕಿಂತ ನೀವು ಹೇಳಿದರೆ ಅವಳಿಗೆ ಜಾಸ್ತಿ ಸಮಾಧಾನ.

ಪ್ರಶ್ನೆ: ನನಗೆ 22 ವರ್ಷ. ಡಿಗ್ರಿ ಆಗಿದೆ. ಹುಟ್ಟಿನಿಂದ ಇದೇ ತೊಂದರೆ, ಕನ್ನಡಕ ಹಾಕಿದರೆ 6/24. ಬೈಕ್ ಲೈಸೆನ್ಸ್ ಸಿಗುತ್ತದಾ? ಎಂಥ ಕೆಲಸ ಮಾಡಬಹುದು? ಮನೆಯಲ್ಲಿ ಹೆಣ್ಣು ನೋಡುತ್ತಿದ್ದಾರೆ. ಹೇಳಬೇಕಾ, ಬೇಡ್ವಾ?
— ಓದುಗ, ಇಳಕಲ್

ಉತ್ತರ: ತಮ್ಮಾ, 6/24 ಅಂದರೆ ಬೇರೆಯವರು 24 ಮೀಟರ್‌ನಿಂದ ಓದುವುದನ್ನು ನೀನು 6 ಮೀಟರ್‌ಗೆ ಬಂದು ಓದಬೇಕು ಎಂದು. ಲೈಸೆನ್ಸ್ ಅರ್ಜಿಯ ಜೊತೆ ಕೊಡುವ ಫಾರ್ಮಿನಲ್ಲಿ, ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ಕಾರಿನ ನಂಬರ್ ಪ್ಲೇಟ್ ಓದಲು ಬರುತ್ತದಾ ಎಂಬ ಪ್ರಶ್ನೆ ಇದೆ. ಮನೆ ಮುಂದೆ 25 ಮೀಟರ್ ಅಳೆದು, ನಿಂತು ನೋಡು. ಬಾರದಿದ್ದರೆ ಸುಳ್ಳು ಬರೆದು ಲೈಸೆನ್ಸ್ ತೆಗೆಯಬೇಡ. ನಿನ್ನ ಜೀವ ಒಂದೇ ಅಲ್ಲ, ರಸ್ತೆ ದಾಟುವ ಮಗುವಿನ ಜೀವವೂ ಅದರಲ್ಲಿದೆ. ಬೈಕ್ ಬೇಕೇ ಬೇಕು ಅನ್ನುವ ವಯಸ್ಸು ನಿನ್ನದು, ನನಗೆ ಗೊತ್ತು. ಆದರೂ ಇಲ್ಲಿ ನಾನು ಮೆತ್ತಗೆ ಹೇಳಲಾರೆ.

ಕೆಲಸದ ವಿಷಯದಲ್ಲಿ ನಿನ್ನ ಕಾಲ ಒಳ್ಳೆಯದು. ಫೋನಿನ ಸೆಟ್ಟಿಂಗ್‌ನಲ್ಲಿ ಅಕ್ಷರ ದೊಡ್ಡದು ಮಾಡು. ಮ್ಯಾಗ್ನಿಫಿಕೇಷನ್ ಆನ್ ಮಾಡಿಟ್ಟುಕೋ. ಬಸ್ಸಿನ ಬೋರ್ಡು ಕಾಣದಿದ್ದರೆ ಕ್ಯಾಮೆರಾ ಜೂಮ್ ಮಾಡಿ ನೋಡು. ಕಂಪ್ಯೂಟರಿನಲ್ಲೂ ಕಪ್ಪು ಹಿನ್ನೆಲೆ, ದೊಡ್ಡ ಬಿಳಿ ಅಕ್ಷರ ಇಟ್ಟರೆ ಕಣ್ಣಿಗೆ ಹಿತ. ಬ್ಯಾಂಕು, ಪಾಠ, ಲೆಕ್ಕಪತ್ರ, ಸಾಫ್ಟ್‌ವೇರ್ ಎಲ್ಲ ಕಡೆ ಈ ನೋಟದವರು ಕೆಲಸ ಮಾಡುತ್ತಿದ್ದಾರೆ. ಎರಡೂ ಕಣ್ಣು 6/24 ಇದ್ದರೆ 40 ಪರ್ಸೆಂಟ್ ಪ್ರಮಾಣಪತ್ರಕ್ಕೆ ನೀನು ಅರ್ಹ. 2016ರ ಕಾಯ್ದೆ ಪ್ರಕಾರ ಸರ್ಕಾರಿ ಹುದ್ದೆಗಳಲ್ಲಿ ಅಂಧರು ಮತ್ತು ಮಂದದೃಷ್ಟಿಯವರಿಗೆ ಕನಿಷ್ಠ 1 ಪರ್ಸೆಂಟ್ ಮೀಸಲು. ನೇಮಕಾತಿಯ ಲಿಖಿತ ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷ ಹೆಚ್ಚು ಸಮಯ ಕೇಳುವ ಅವಕಾಶವಿದೆ. ಅರ್ಜಿ ಹಾಕುವಾಗಲೇ ಅದನ್ನು ಗುರುತು ಮಾಡಬೇಕು.

ಹೆಣ್ಣಿನ ಮನೆಯವರಿಗೆ ಹೇಳು. ಹುಡುಗಿಗೆ ನೀನೇ ಎದುರು ಕೂತು ಹೇಳು. ಮದುವೆಯಾದ ವಾರದಲ್ಲಿ ಗೊತ್ತಾಗುವ ವಿಷಯ ಇದು, ಮುಚ್ಚಿಡುವುದರಲ್ಲಿ ಏನಿದೆ? ಮಕ್ಕಳಿಗೆ ಬರುತ್ತದಾ ಎಂಬುದು ಕಾರಣದ ಮೇಲೆ ನಿಂತಿದೆ. ಆಲ್ಬಿನಿಸಂನ ಸಾಮಾನ್ಯ ಬಗೆಯಾದರೆ, ಸಂಬಂಧದೊಳಗಿನ ಹುಡುಗಿಯಲ್ಲದಿದ್ದರೆ, ಸಾಧ್ಯತೆ ಕಡಿಮೆ. ಪ್ಯಾಕ್ಸ್6 ತೊಂದರೆಯಾದರೆ ಎರಡರಲ್ಲಿ ಒಂದು ಪಾಲು. ಅತ್ತೆ ಮಗಳು, ಅಕ್ಕನ ಮಗಳು ಎಂದು ಮನೆಯಲ್ಲಿ ಮಾತಾಡುತ್ತಿದ್ದರೆ ಜೀನ್ ಪರೀಕ್ಷೆಯಾಗುವ ತನಕ ತಡೆಯಲು ಹೇಳು.

ಪ್ರಶ್ನೆ: ಮಗಳು 29 ವಾರಕ್ಕೇ ಹುಟ್ಟಿದಳು, ತೂಕ 1,150 ಗ್ರಾಂ. ಕಣ್ಣಿಗೆ ಲೇಸರ್ ಆಯಿತು. ಈಗ ನಾಲ್ಕು ವರ್ಷ, ನೋಟ 6/12. ಸ್ಕ್ಯಾನ್‌ನಲ್ಲಿ ಫೋವಿಯಾ ಗುಳಿ ಆಳವಿಲ್ಲ ಎಂದು ಬರೆದಿದ್ದಾರೆ. ಜಾಸ್ತಿ ಆಗುತ್ತದಾ?
— ತಂದೆ, ಮಂಡ್ಯ

ಉತ್ತರ: ಜಾಸ್ತಿ ಆಗುವುದಿಲ್ಲ. ಗುಳಿ ಬೀಳುವ ಕೆಲಸ 25ನೇ ವಾರಕ್ಕೆ ಶುರು ಎಂದು ಮೇಲೆ ಬರೆದಿದ್ದೇನೆ. ನಿಮ್ಮ ಮಗಳು ಆ ಕೆಲಸದ ಆರಂಭದಲ್ಲೇ ಹೊರಗೆ ಬಂದಳು. ತಿಂಗಳು ತುಂಬದೆ ಹುಟ್ಟಿದ ಮಕ್ಕಳಲ್ಲಿ ಗುಳಿ ಆಳವಿಲ್ಲದಿರುವುದು, ನಡುವೆ ರಕ್ತನಾಳ ಇಲ್ಲದ ಜಾಗ ಕಿರಿದಾಗಿರುವುದು ಸಾಮಾನ್ಯ. ಹೀಗಿದ್ದೂ ಚೆನ್ನಾಗಿ ಓದುವ ಮಕ್ಕಳು ಬಹಳ. ನಾಲ್ಕು ವರ್ಷಕ್ಕೆ 6/12 ಒಳ್ಳೆಯ ನೋಟವೇ. ಲೇಸರ್ ಆದ ಕಣ್ಣಿಗೆ ಮೈನಸ್ ಪವರ್ ಬರುವುದು ಜಾಸ್ತಿ. ವರ್ಷಕ್ಕೊಮ್ಮೆಯಾದರೂ ತಪ್ಪದೆ ತೋರಿಸಿ.

ಇದನ್ನು ಓದುವ ಬೇರೆ ತಂದೆ ತಾಯಿಯರಿಗೆ: 34 ವಾರಕ್ಕೆ ಮೊದಲು ಹುಟ್ಟಿದ, ಅಥವಾ 2 ಕೆ.ಜಿ.ಗಿಂತ ಕಡಿಮೆ ತೂಕದ ಕೂಸಿಗೆ 30 ದಿನದೊಳಗೆ ರೆಟಿನಾ ಪರೀಕ್ಷೆ ಆಗಲೇಬೇಕು. ತೀರಾ ಚಿಕ್ಕ ಕೂಸಾದರೆ ಎರಡು ಮೂರು ವಾರದಲ್ಲೇ. ನಮ್ಮ ರಾಜ್ಯದಲ್ಲಿ 2008ರಿಂದ ಕಿಡ್‌ರಾಪ್ ಎಂಬ ಯೋಜನೆ ನಡೆದಿದೆ. ತರಬೇತಿ ಪಡೆದ ತಂತ್ರಜ್ಞರು ಜಿಲ್ಲೆಗಳ ಶಿಶು ಘಟಕಗಳಿಗೇ ಕ್ಯಾಮೆರಾ ಹೊತ್ತು ಹೋಗಿ ಕೂಸುಗಳ ರೆಟಿನಾ ಚಿತ್ರ ತೆಗೆಯುತ್ತಾರೆ, ಬೆಂಗಳೂರಿನ ತಜ್ಞರು ಅದನ್ನು ನೋಡಿ ಹೇಳುತ್ತಾರೆ. ಗುಳಿಯನ್ನು ನಾವು ಮಾಡಲಾರೆವು. ಆದರೆ ತಿಂಗಳು ತುಂಬದ ಕೂಸಿನ ರೆಟಿನಾ ಕಳಚಿ ಬೀಳದಂತೆ ಸಮಯಕ್ಕೆ ಸರಿಯಾಗಿ ತಡೆಯಬಲ್ಲೆವು.

ಪ್ರಶ್ನೆ: ನನಗೆ 41. ಸಕ್ಕರೆ ಕಾಯಿಲೆ ಇದೆ ಎಂದು ಕಣ್ಣಿನ ಸ್ಕ್ಯಾನ್ ಮಾಡಿದರು. ಎರಡೂ ಕಣ್ಣಲ್ಲಿ ಫೋವಿಯಾ ಗುಳಿಯೇ ಇಲ್ಲವಂತೆ. ಆದರೆ ನನಗೆ 6/6 ಕಾಣುತ್ತದೆ! ಇದು ಹೇಗೆ?
— ಓದುಗರು, ತುಮಕೂರು

ಉತ್ತರ: ಆಗುತ್ತದೆ. ಸ್ಕ್ಯಾನ್ ಯಂತ್ರಗಳು ಬರುವ ಮೊದಲು ನಮಗೂ ಇದು ಗೊತ್ತಿರಲಿಲ್ಲ. ಗುಳಿ ಇಲ್ಲದೆಯೂ ಕೋನ್‌ಗಳು ಒತ್ತಾಗಿ, ಉದ್ದವಾಗಿ ಬೆಳೆದಿದ್ದರೆ ನೋಟ ಚೆನ್ನಾಗಿಯೇ ಇರುತ್ತದೆ. ಅದಕ್ಕೇ ಕೆಲವು ತಜ್ಞರು 2008ರಲ್ಲಿ ಇದನ್ನು ಫೋವಿಯಾ ಪ್ಲೇನಾ, ಅಂದರೆ ಸಪಾಟು ಫೋವಿಯಾ ಎಂದು ಕರೆಯೋಣ, ಕೊರತೆ ಎನ್ನುವುದು ಬೇಡ ಎಂದರು. ನನಗೂ ಅದೇ ಸರಿ ಅನ್ನಿಸುತ್ತದೆ. ಗುಳಿಗಿಂತ ಅದರ ತಳದಲ್ಲಿ ಏನಿದೆ ಎಂಬುದೇ ಮುಖ್ಯ.

ನೀವು ಮಾಡಬೇಕಾದ್ದು ಒಂದೇ. ಈ ಸ್ಕ್ಯಾನ್ ಪ್ರತಿಯನ್ನು ಜೋಪಾನವಾಗಿಡಿ, ಮೊಬೈಲಿನಲ್ಲೂ ಫೋಟೋ ಇರಲಿ. ಸಕ್ಕರೆ ಕಾಯಿಲೆಯಲ್ಲಿ ರೆಟಿನಾ ನಡುಭಾಗ ನೀರು ತುಂಬಿ ಊದಿಕೊಂಡರೂ ಗುಳಿ ಮುಚ್ಚಿಹೋಗುತ್ತದೆ. ಮುಂದೆ ಬೇರೆ ಊರಲ್ಲಿ, ಬೇರೆ ಡಾಕ್ಟರು ಹೊಸ ಸ್ಕ್ಯಾನ್ ಮಾಡಿದಾಗ ಹಳೆಯದನ್ನು ಪಕ್ಕದಲ್ಲಿಟ್ಟು ತೋರಿಸಿ. ಹುಟ್ಟಿನಿಂದಲೇ ಸಪಾಟಾಗಿದ್ದ ಕಣ್ಣಿಗೆ ಊತ ಎಂದುಕೊಂಡು ಇಂಜೆಕ್ಷನ್ ಕೊಡುವುದೂ ತಪ್ಪುತ್ತದೆ, ನಿಜವಾಗಿಯೂ ಊತ ಬಂದರೆ ಬೇಗ ಗೊತ್ತೂ ಆಗುತ್ತದೆ.